ಇಂಟರ್‌ವ್ಯೂನಲ್ಲಿ "ನೀವು ಸೋತ ಒಂದು ಸಂದರ್ಭ ಹೇಳಿ" ಅಂದ್ರೆ ನಿಜ ಹೇಳೋದಾ ಬೇಡ್ವಾ?

ಬೆಣ್ಣೆದೋಸೆ
ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವನು, ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಬಂದವನು, ಆರು ವರ್ಷ ಎಕ್ಸ್‌ಪೀರಿಯೆನ್ಸ್. ಹೋದ ವಾರ ಬೆಳ್ಳಂದೂರು ಹತ್ರ ಒಂದು ಕಂಪನಿಲಿ ಟೆಕ್ನಿಕಲ್ ಎರಡು ರೌಂಡೂ ಚೆನ್ನಾಗೇ ಆಯ್ತು. ಮೂರನೇದು ಮ್ಯಾನೇಜರ್ ರೌಂಡ್. ಕೂತು ಐದು ನಿಮಿಷ ಆಗಿರ್ಲಿಲ್ಲ, "ನೀವು ಕೆಲಸದಲ್ಲಿ ಫೇಲ್ ಆದ ಒಂದು ಸಂದರ್ಭ ಹೇಳಿ" ಅಂದ್ರು. ನಾನು ಯೂಟ್ಯೂಬ್‌ನಲ್ಲಿ ನೋಡ್ಕೊಂಡು ಹೋಗಿದ್ದ ಹಾಗೆ "ನಾನು ಸ್ವಲ್ಪ ಪರ್ಫೆಕ್ಷನಿಸ್ಟ್, ಒಂದೊಂದ್ಸಲ ಜಾಸ್ತಿ ಟೈಮ್ ತಗೊಂಡ್ಬಿಡ್ತೀನಿ" ಅಂದೆ. ಆ ಮೇಡಂ ಪೆನ್ನು ಕೆಳಗಿಟ್ಟು, "ಅದು ಸ್ವಭಾವ ಆಯ್ತು, ನಾನು ಕೇಳಿದ್ದು ನಡೆದದ್ದು" ಅಂದ್ರು. ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಯ್ತು.

ಹೇಳೋಕೆ ಇರ್ಲಿಲ್ಲ ಅಂತಲ್ಲ. ಎರಡು ವರ್ಷದ ಹಿಂದೆ ಒಂದು ಬಿಲ್ಲಿಂಗ್ ಪ್ರಾಜೆಕ್ಟ್‌ನಲ್ಲಿ ರಿಲೀಸ್ ಹಿಂದಿನ ರಾತ್ರಿ ಒಂದು ಟೆಸ್ಟ್ ಕೇಸ್ ಓಡಿಸ್ದೇನೇ ಪಾಸ್ ಅಂತ ಟಿಕ್ ಹಾಕಿದ್ದೆ, ಹಿಂದಿನ ಮೂರು ಬಿಲ್ಡ್‌ನಲ್ಲೂ (ಟೆಸ್ಟ್‌ಗೆ ಅಂತ ಕೊಡೋ ಸಾಫ್ಟ್‌ವೇರ್ ಆವೃತ್ತಿ) ಪಾಸ್ ಆಗಿತ್ತು ಅನ್ನೋ ಧೈರ್ಯದ ಮೇಲೆ. ಲೈವ್ ಹೋದ್ಮೇಲೆ ಒಂದಷ್ಟು ಇನ್‌ವಾಯ್ಸ್‌ಗೆ ಜಿಎಸ್‌ಟಿ ಎರಡೆರಡು ಸಲ ಸೇರ್ಕೊಂಡು ಹೋಯ್ತು. ಶನಿವಾರ ಭಾನುವಾರ ಇಡೀ ಟೀಮು ಬಂದು ಕೂತು ಸರಿ ಮಾಡ್ಬೇಕಾಯ್ತು. ಅದು ನಾಲಿಗೆ ತುದಿಗೆ ಬಂದಿತ್ತು, ನುಂಗ್ಕೊಂಡೆ. ನಾಲ್ಕು ದಿನಕ್ಕೆ ರಿಜೆಕ್ಟ್ ಮೇಲ್ ಬಂತು.

ಮುಂದಿನ ಗುರುವಾರ ಇನ್ನೊಂದು ಕಡೆ ಇಂಟರ್‌ವ್ಯೂ ಇದೆ. ಇದನ್ನ ಹೇಳ್ಬಹುದಾ? ಮಾನ ಹೋಗೋ ವಿಷ್ಯ ಮನೆ ಹೊಸ್ತಿಲು ದಾಟ್ಬಾರ್ದು ಅಂತ ಕೇಳ್ಕೊಂಡೇ ಬೆಳೆದಿದ್ದೀನಿ, ಅದಕ್ಕೇ ಗಂಟಲು ಕಟ್ಟುತ್ತೆ ಅನ್ಸುತ್ತೆ.

ಮಲೆನಾಡ ಮಳೆ
ಮೊದ್ಲು ಆ ಪರ್ಫೆಕ್ಷನಿಸ್ಟ್ ಅನ್ನೋ ಉತ್ತರನ ಬಿಟ್ಬಿಡಿ. ದಿನಕ್ಕೆ ನಾಲ್ಕು ಸಲ ಕೇಳಿರ್ತಾರೆ ಅವ್ರು.

ಹೊರವರ್ತುಲ
ಹೇಳ್ಬೇಡಿ ಅಂತೀನಿ ನಾನು. ಅನುಭವದಿಂದ ಹೇಳ್ತಿದ್ದೀನಿ. ನಾನೂ ಸತ್ಯ ಹೇಳಿ ಕೂತೆ ಒಂದ್ಸಲ, ಲೈವ್ ಡೇಟಾಬೇಸ್‌ನಲ್ಲಿ ಒಂದು ಟೇಬಲ್ ಡಿಲೀಟ್ ಮಾಡಿದ್ದನ್ನ. ಕನ್ಸಲ್ಟೆನ್ಸಿಯವ್ರು ಆಮೇಲೆ ಫೋನ್ ಮಾಡಿ "ನಿಮ್ಮನ್ನ ರಿಸ್ಕ್ ಅಂತ ಬರ್ದಿದ್ದಾರೆ" ಅಂದ್ರು. ಹತ್ತು ಜನ ಸಾಲಲ್ಲಿ ನಿಂತಿರೋವಾಗ ತಪ್ಪು ಒಪ್ಕೊಂಡವನನ್ನ ಯಾಕ್ರೀ ತಗೋತಾರೆ? ಯಾವುದಾದ್ರೂ ಚಿಕ್ಕದು ಹೇಳಿ, ಕಾಲೇಜ್ ಫೆಸ್ಟ್‌ನಲ್ಲಿ ಸ್ಪಾನ್ಸರ್ ಸಿಗ್ಲಿಲ್ಲ ಅನ್ನೋ ಥರದ್ದು.

ಮಲೆನಾಡ ಮಳೆ
ಆರು ವರ್ಷ ಕೆಲಸ ಮಾಡಿದವ್ರು ಕಾಲೇಜ್ ಫೆಸ್ಟ್ ಕಥೆ ಹೇಳಿದ್ರೆ ಆರು ವರ್ಷ ಏನ್ ಮಾಡಿದ್ರಿ ಅಂತ ಕೇಳ್ತಾರೆ.

ಅರಳಿಕಟ್ಟೆ
ನಾನು ಹನ್ನೊಂದು ವರ್ಷದಿಂದ ಟೇಬಲ್‌ನ ಆ ಕಡೆ ಕೂರೋಳು. ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗ್ಬೇಡಿ.

ಈ ಪ್ರಶ್ನೆ ಕೇಳೋದು ನಿಮ್ಮನ್ನ ಸಿಕ್ಕಿಸೋಕೆ ಅಲ್ಲ. ಮನುಷ್ಯ ಹಿಂದೆ ಹೇಗೆ ನಡ್ಕೊಂಡಿದ್ದಾನೋ ಮುಂದೂ ಹೆಚ್ಚುಕಮ್ಮಿ ಹಾಗೇ ನಡ್ಕೋತಾನೆ ಅನ್ನೋ ನಂಬಿಕೆ ಮೇಲೆ ನಿಂತಿರೋ ಇಂಟರ್‌ವ್ಯೂ ಪದ್ಧತಿ ಇದು. "ಹೀಗಾದ್ರೆ ಏನ್ ಮಾಡ್ತೀರಿ" ಅಂತ ಕೇಳಿದ್ರೆ ಎಲ್ರೂ ಒಳ್ಳೇದನ್ನೇ ಹೇಳ್ತಾರೆ, ಅದಕ್ಕೆ "ಏನ್ ಮಾಡಿದ್ರಿ" ಅಂತ ಕೇಳೋದು. ಇದಕ್ಕೆ ಸ್ಟಾರ್ ಅನ್ನೋ ಅಚ್ಚು ಇದೆಯಲ್ಲ, ಸಂದರ್ಭ, ನಿಮ್ಮ ಪಾಲಿನ ಕೆಲಸ, ನೀವು ಮಾಡಿದ್ದು, ಆದ ಫಲ ಅಂತ, ಅದನ್ನ ಡಿಡಿಐ ಅನ್ನೋ ಅಮೆರಿಕದ ಸಂಸ್ಥೆ 1974ರಲ್ಲೇ ಮಾಡಿದ್ದು. ಐವತ್ತು ವರ್ಷದಿಂದ ಇದೇ ಓಡ್ತಿದೆ.

ಎರಡು ನಿಮಿಷದ ಉತ್ತರದಲ್ಲಿ ಒಂದೂವರೆ ನಿಮಿಷ ಸಂದರ್ಭಾನೇ ವಿವರಿಸ್ತಾರೆ ನಮ್ಮವ್ರು. ಕ್ಲೈಂಟ್ ಯಾರು, ಪ್ರಾಜೆಕ್ಟ್ ಎಷ್ಟು ದೊಡ್ಡದು, ಮ್ಯಾನೇಜರ್ ಹೇಗಿದ್ರು. ನನಗೆ ಅದು ಎರಡು ವಾಕ್ಯ ಸಾಕು. ನಾನು ಕಿವಿ ನಿಮಿರಿಸಿ ಕೇಳೋದು ಮೂರೇ ಜಾಗದಲ್ಲಿ. ತಪ್ಪು ಗೊತ್ತಾದ ಮೇಲೆ ಮೊದಲ ಒಂದು ಗಂಟೆ ಏನ್ ಮಾಡಿದ್ರಿ, ಯಾರಿಗೆ ಯಾವಾಗ ಹೇಳಿದ್ರಿ, ಅದು ಮತ್ತೆ ಆಗದ ಹಾಗೆ ಏನು ಬದಲಾಯಿಸಿದ್ರಿ. "ಹುಷಾರಾಗಿದ್ದೀನಿ ಈಗ" ಅನ್ನೋದು ಬದಲಾವಣೆ ಅಲ್ಲ. ಎಲ್ರೂ ಹುಷಾರಾಗೇ ಇರ್ತಾರೆ, ರಾತ್ರಿ ಹನ್ನೊಂದಾಗೋ ತನಕ.

ಹೊರವರ್ತುಲ ಅವ್ರೇ, ನೀವು ಆ ಟೇಬಲ್ ವಿಷ್ಯ ಹೇಳಿದ್ದು ಹೇಗೆ ಅಂತ ನೆನಪಿದ್ರೆ ಬರೀತೀರಾ? ನಿಜವಾಗ್ಲೂ ತಿಳ್ಕೊಳೋಕೆ ಕೇಳ್ತಿದ್ದೀನಿ.

ಹೊರವರ್ತುಲ
ನೆನಪಿದೆ. ಜೂನಿಯರ್‌ಗೆ ಲೈವ್ ಆಕ್ಸೆಸ್ ಕೊಡಬಾರ್ದಿತ್ತು, ಕೊಟ್ಟಿದ್ರು, ಎರಡು ವಿಂಡೋ ಒಂದೇ ಥರ ಕಾಣ್ತಿತ್ತು, ಡೇಟಾಬೇಸ್ ನೋಡ್ಕೊಳೋ ಡಿಬಿಎ ರಜೆಲಿದ್ರು, ಆಮೇಲೆ ಬ್ಯಾಕಪ್‌ನಿಂದ ತಂದ್ರು ಅಂತ ಹೇಳಿದೆ. ಎಲ್ಲಾ ನಿಜವೇ ಅದು.

ಅರಳಿಕಟ್ಟೆ
ನಿಜವೇ, ಅನುಮಾನ ಇಲ್ಲ. ಆದ್ರೆ ಮತ್ತೊಂದ್ಸಲ ಓದಿ ನೋಡಿ. ಕೊಟ್ಟಿದ್ರು, ಕಾಣ್ತಿತ್ತು, ರಜೆಲಿದ್ರು, ತಂದ್ರು. ನೀವು ಆ ಮಾತಲ್ಲಿ ಎಲ್ಲೂ ಇಲ್ಲ. ಕೇಳಿಸ್ಕೊಂಡವ್ರಿಗೆ ಭಯ ಆಗಿರೋದು ಟೇಬಲ್ ಹೋಗಿದ್ದಕ್ಕಲ್ಲ ಅಂತ ನನಗನ್ಸುತ್ತೆ.

ಹೊರವರ್ತುಲ
ಹ್ಮ್. ಇರ್ಬಹುದು. ಆದ್ರೂ ನೀವು ಒಳ್ಳೆ ಪ್ಯಾನೆಲ್ ಬಗ್ಗೆ ಮಾತಾಡ್ತಿದ್ದೀರಿ ಮೇಡಂ. ಎಲ್ಲಾ ಕಡೆ ನಿಮ್ಮಂಥವ್ರು ಕೂತಿರಲ್ಲ. ಸಾವಿರಾರು ಜನರನ್ನ ಒಟ್ಟಿಗೆ ತಗೊಳೋ ಸರ್ವೀಸ್ ಕಂಪನಿಗಳಲ್ಲಿ ಎಚ್‌ಆರ್ ರೌಂಡ್ ಅಂದ್ರೆ ಇಂಗ್ಲಿಷ್ ಬರುತ್ತಾ, ನೈಟ್ ಶಿಫ್ಟ್ ಓಕೆನಾ, ಚೆನ್ನೈಗೆ ಹಾಕಿದ್ರೆ ಹೋಗ್ತೀರಾ, ಅಷ್ಟೇ.

ಅರಳಿಕಟ್ಟೆ
ಅದನ್ನ ಒಪ್ತೀನಿ. ಅಲ್ಲಿ ಇಷ್ಟೆಲ್ಲಾ ಬೇಕಾಗಿಲ್ಲ.

ಲಾಗ್‌ಫೈಲ್
ಡೇಟಾಬೇಸ್ ಡಿಲೀಟ್ ಅಂದಾಗ ಕೋಡ್ ಇಡೋ ಸೈಟ್ ಗಿಟ್‌ಲ್ಯಾಬ್ ನೆನಪಾಗ್ದೇ ಇರಲ್ಲ. 2017ರ ಜನವರಿ 31, ಅವರ ಇಂಜಿನಿಯರ್ ಒಬ್ರು ರಾತ್ರಿ ಹೊತ್ತು ನಕಲು ಇರೋ ಸೆಕೆಂಡರಿ ಸರ್ವರ್ ಅನ್ಕೊಂಡು ಅಸಲಿ ಡೇಟಾ ಇರೋ ಪ್ರೈಮರಿ ಮೇಲೆ ಡಿಲೀಟ್ ಕಮಾಂಡ್ ಕೊಟ್ಬಿಟ್ರು. ಒಂದೆರಡು ಸೆಕೆಂಡಲ್ಲಿ ಗೊತ್ತಾಗಿ ನಿಲ್ಲಿಸೋ ಹೊತ್ತಿಗೆ ಸುಮಾರು 300 ಜಿಬಿಲಿ ನಾಲ್ಕೂವರೆ ಜಿಬಿ ಉಳಿದಿತ್ತು. ನೋಡಿದ್ರೆ ಐದು ಥರದ ಬ್ಯಾಕಪ್ ವ್ಯವಸ್ಥೆಲಿ ಯಾವ್ದೂ ನೆಟ್ಟಗೆ ಕೆಲಸ ಮಾಡ್ತಿರ್ಲಿಲ್ಲ. ಅದೇ ಇಂಜಿನಿಯರ್ ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ಅಂತ ಕೈಯಾರೆ ತೆಗೆದಿಟ್ಟಿದ್ದ ಕಾಪಿ ಒಂದಿತ್ತು, ಅದ್ರಿಂದ ವಾಪಸ್ ತಂದ್ರು. ರಿಕವರಿನ ಯೂಟ್ಯೂಬ್‌ನಲ್ಲಿ ಲೈವ್ ಹಾಕಿದ್ರು, ಆಮೇಲೆ ಇಡೀ ಘಟನೆ ಬರೆದು ಎಲ್ರಿಗೂ ಓದೋಕೆ ಬಿಟ್ರು. ಆ ವರದಿಲಿ ಅವರ ಹೆಸರಿಲ್ಲ, ಟೀಮ್ ಮೆಂಬರ್ 1 ಅಂತ ಮಾತ್ರ ಇದೆ.

ನಾನು ಅದನ್ನ ನಮ್ಮ ಹುಡುಗ್ರಿಗೆಲ್ಲ ಓದಿಸ್ತೀನಿ. ತಪ್ಪನ್ನ ಹೇಗೆ ಬರೀಬೇಕು ಅನ್ನೋದಕ್ಕೆ ಅದು ಪಾಠ ಇದ್ದ ಹಾಗೆ. ಎಷ್ಟು ಹೊತ್ತಿಗೆ ಏನಾಯ್ತು, ಏನು ಹೋಯ್ತು, ಎಷ್ಟು ಹೋಯ್ತು, ಯಾಕೆ ತಡೆಯೋಕಾಗ್ಲಿಲ್ಲ, ಎಲ್ಲಾ ಇದೆ, ಅಳೋದು ಮಾತ್ರ ಇಲ್ಲ.

ಪೀಣ್ಯ ಎರಡನೇ ಹಂತ
ಐಟಿಯವ್ರು ಇದನ್ನ ಈಗ ಕಲೀತಿದ್ದೀರಿ, ನಮ್ಮ ಕಡೆ ದಿನಾ ಇದೇ ಕೆಲಸ ಗುರು. ನಾನು ಆಟೋ ಪಾರ್ಟ್ಸ್ ಮಾಡೋ ಫ್ಯಾಕ್ಟರಿಲಿ ಕ್ವಾಲಿಟಿ. ಕಸ್ಟಮರ್ ಹತ್ರ ಒಂದು ಪೀಸ್ ರಿಜೆಕ್ಟ್ ಆದ್ರೆ 24 ಗಂಟೆಲಿ ತಾತ್ಕಾಲಿಕವಾಗಿ ಏನ್ ಮಾಡಿದ್ರಿ ಅಂತ ಹೇಳ್ಬೇಕು, ಆಮೇಲೆ 8ಡಿ ರಿಪೋರ್ಟ್, ಅಂದ್ರೆ ತಪ್ಪಿನ ಕಾರಣ, ಪರಿಹಾರನ ಎಂಟು ಹೆಜ್ಜೇಲಿ ಬರೆಯೋ ವರದಿ, ಕಳಿಸ್ಬೇಕು. ಅದ್ರಲ್ಲಿ ಐದು ಸಲ ಯಾಕೆ ಯಾಕೆ ಅಂತ ಕೇಳ್ಕೊಂಡು ಹೋಗೋದು, ಟೊಯೊಟಾದವ್ರಿಂದ ಬಂದಿದ್ದು. ಕಾರಣದ ಜಾಗದಲ್ಲಿ "ಆಪರೇಟರ್ ನೆಗ್ಲಿಜೆನ್ಸ್" ಅಂತ ಬರೆದ್ರೆ ಕಸ್ಟಮರ್ ಅಷ್ಟೂ ಪೇಪರ್ ವಾಪಸ್ ಕಳಿಸ್ತಾನೆ. "ಟ್ರೈನಿಂಗ್ ಕೊಟ್ಟಿದ್ದೀವಿ" ಅಂದ್ರೂ ವಾಪಸ್.

ನಾನು ಹೊಸದಾಗಿ ಸೇರಿದಾಗ ಎಡಗಡೆ ಬ್ರ್ಯಾಕೆಟ್ ಡಬ್ಬಕ್ಕೆ ಬಲಗಡೆದು ಸೇರಿ ಹೋಗಿತ್ತು, 400 ಪೀಸು. ಕೊನೇ ಇನ್‌ಸ್ಪೆಕ್ಷನ್ ಸಹಿ ನಂದು. ಎರಡು ದಿನ ಕಸ್ಟಮರ್ ಗೋಡೌನ್‌ನಲ್ಲಿ ನೆಲದ ಮೇಲೆ ಕೂತು ಒಂದೊಂದೇ ವಿಂಗಡಿಸಿದೆ. ಆಮೇಲೆ ಪೀಸ್ ಕೂರಿಸೋ ಫಿಕ್ಸ್‌ಚರ್‌ಗೆ ಒಂದು ಪಿನ್ ಹಾಕ್ಸಿದ್ವಿ, ಉಲ್ಟಾ ಪೀಸ್ ಕೂರೋದೇ ಇಲ್ಲ ಅದ್ರ ಮೇಲೆ. ತಪ್ಪು ಆಗೋಕೇ ಬಿಡದ ಇಂಥ ಏರ್ಪಾಡಿಗೆ ಪೋಕಾ ಯೋಕೆ ಅಂತೀವಿ. ಪಿನ್ನಿಗೆ ಆದ ಖರ್ಚು ನೂರು ರೂಪಾಯಿ ಒಳಗೆ. ಈ ಕಥೆ ಹೇಳ್ಕೊಂಡೇ ಎರಡು ಕೆಲಸ ಸಿಕ್ಕಿದೆ ನನಗೆ.

ಬೆಣ್ಣೆದೋಸೆ, ನಿಮ್ಮದಕ್ಕೂ ಯಾಕೆ ಹಾಕಿ ನೋಡಿ. ಯಾಕೆ ಓಡಿಸ್ಲಿಲ್ಲ? ಟೈಮ್ ಇರ್ಲಿಲ್ಲ. ಯಾಕೆ? ಬಿಲ್ಡ್ ಲೇಟ್ ಬಂತು. ಲೇಟ್ ಬಂದ್ರೂ ಪಾಸ್ ಅಂತ ಹಾಕೋಕೆ ಹೇಗಾಯ್ತು? ಶೀಟ್‌ನಲ್ಲಿ ಯಾರ್ ಬೇಕಾದ್ರೂ ಟಿಕ್ ಹಾಕ್ಬಹುದಿತ್ತು, ಸಾಕ್ಷಿ ಕೇಳ್ತಿರ್ಲಿಲ್ಲ. ಅಲ್ಲಿದೆ ನಿಮ್ಮ ಪಿನ್ನು.

ಬೆಣ್ಣೆದೋಸೆ
ಸರ್ ಹೆಂಗೆ ಗೊತ್ತಾಯ್ತು, ಅಕ್ಷರಶಃ ಹಂಗೇ ಇತ್ತು, ಎಕ್ಸೆಲ್ ಶೀಟು. ಆಮೇಲೆ ನಾನೇ ಹೇಳಿ ಸ್ಕ್ರೀನ್‌ಶಾಟ್ ಹಾಕ್ದೇ ಪಾಸ್ ಒತ್ತೋಕೆ ಆಗದ ಹಾಗೆ ಮಾಡಿಸಿದ್ದೆ. ಅದನ್ನ ಹೇಳ್ಬೇಕು ಅಂತಾನೇ ಹೊಳೆದಿರ್ಲಿಲ್ಲ.

ಅರಳಿಕಟ್ಟೆ
ನೋಡಿ! ಉತ್ತರದಲ್ಲಿ ಇರ್ಬೇಕಾದ್ದು ಅದೇ ಕಣ್ರೀ.

ಹೊರವರ್ತುಲ
ಸರಿ ಆದ್ರೆ ಇವ್ರದ್ದು ಬರೀ ತಪ್ಪಲ್ಲ ಅಲ್ವಾ. ಓಡಿಸ್ದೇ ಪಾಸ್ ಅಂತ ಹಾಕಿದ್ದು ಸುಳ್ಳು ದಾಖಲೆ ಆಗುತ್ತೆ. ಟೆಸ್ಟರ್ ಆಗಿ ಅದನ್ನ ಬಾಯ್ಬಿಟ್ಟು ಹೇಳಿದ್ರೆ ಪ್ರಾಮಾಣಿಕತೆ ಮೇಲೇ ಪ್ರಶ್ನೆ ಬರುತ್ತೆ. ಯಾರೂ ಅದನ್ನ ಹೇಳ್ತಿಲ್ಲ ಇಲ್ಲಿ.

ಪೀಣ್ಯ ಎರಡನೇ ಹಂತ
ಅದು ಸರಿಯಾದ ಮಾತು. ನನಗೆ ಹೊಳೆದಿರ್ಲಿಲ್ಲ.

ಅರಳಿಕಟ್ಟೆ
ಹೊರವರ್ತುಲ ಹೇಳಿದ್ದು ಈ ಚರ್ಚೆಲೇ ಗಟ್ಟಿ ಮಾತು. ಮರೆವು, ತಪ್ಪು ಅಂದಾಜು, ಕಲೀದೇ ಇದ್ದದ್ದು, ಇವೆಲ್ಲ ಒಂದು ಜಾತಿ. ಗೊತ್ತಿದ್ದೂ ಮಾಡದೇ ಇದ್ದದ್ದನ್ನ ಮಾಡಿದ್ದೀನಿ ಅಂತ ಬರೆಯೋದು ಇನ್ನೊಂದು ಜಾತಿ. ಎರಡನೇದನ್ನ ಹೇಳೋದಾದ್ರೆ ಒಂದೇ ಪ್ರಶ್ನೆ ಎಲ್ಲಾ ನಿರ್ಧಾರ ಮಾಡುತ್ತೆ. ಬೆಣ್ಣೆದೋಸೆ, ಓಡಿಸಿರ್ಲಿಲ್ಲ ಅನ್ನೋದನ್ನ ಅವತ್ತು ನೀವಾಗೇ ಹೇಳಿದ್ರಾ, ಅವ್ರೇ ಕಂಡುಹಿಡಿದ್ರಾ?

ಬೆಣ್ಣೆದೋಸೆ
ನಾನೇ ಹೇಳಿದೆ. ಕಂಪ್ಲೇಂಟ್ ಬಂದದ್ದು ಶುಕ್ರವಾರ ಮಧ್ಯಾಹ್ನ. ಡೆವಲಪರ್ ತನ್ನ ಕೋಡ್‌ನಲ್ಲಿ ಹುಡುಕ್ತಾ ಕೂತಿದ್ದ, ಟೆಸ್ಟ್ ಪಾಸ್ ಆಗಿದೆ ಅಂದ್ಮೇಲೆ ಡೇಟಾದಲ್ಲೇ ಏನೋ ಇದೆ ಅಂತ. ಅವನು ಒಂದು ಗಂಟೆ ತಪ್ಪು ಜಾಗದಲ್ಲಿ ಹುಡುಕೋದು ನೋಡಿ ಹೊಟ್ಟೆ ಕಿವುಚಿದ ಹಾಗಾಯ್ತು. ಲೀಡ್ ಹತ್ರ ಹೋಗಿ ನಾನು ಆ ಕೇಸ್ ಓಡಿಸಿಲ್ಲ ಅಂದೆ. ಬೈದ್ರು, ಅಪ್ರೈಸಲ್‌ನಲ್ಲೂ ಬಂತು ಅದು. ಆದ್ರೆ ಹೇಳಿದ ಅರ್ಧ ಗಂಟೆಗೆ ಬಗ್ ಸಿಕ್ತು.

ಅರಳಿಕಟ್ಟೆ
ಹಾಗಾದ್ರೆ ಧೈರ್ಯವಾಗಿ ಹೇಳಿ. ಆ ಒಂದು ಗಂಟೆ ತಡ ಮಾಡಿದ್ದನ್ನೂ ಸೇರಿಸಿ ಹೇಳಿ.

ಕುಂದಣ ಕೇರಿ
ಇಷ್ಟೆಲ್ಲಾ ಸರಿ, ಇಂಗ್ಲಿಷ್‌ನಲ್ಲಿ ಹೇಳೋದು ಹೆಂಗೆ? ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಟೆಕ್ನಿಕಲ್ ಹೇಗೋ ಹೇಳ್ತೀನಿ, ಪದಗಳೆಲ್ಲ ಮೊದಲೇ ಇಂಗ್ಲಿಷ್‌ನಲ್ಲೇ ಇರುತ್ತೆ. ಇಂಥ ಮನಸ್ಸಿನ ವಿಷ್ಯ ಬಂದಾಗ ಬರೀ "ಮಿಸ್ಟೇಕ್ ಹ್ಯಾಪನ್ಡ್ ಸರ್" ಅಂತೀನಿ, ಅಲ್ಲಿಗೆ ಮುಗೀತು.

ಪದಬಂಧ
ಕುಂದಣ ಕೇರಿ, ನಿಮ್ಮ ಮಾತಲ್ಲೇ ಒಂದು ವಿಷ್ಯ ಸಿಕ್ತು. ಇದು ಇಂಗ್ಲಿಷ್ ತೊಂದರೆಗಿಂತ ನಾವು ಕನ್ನಡದಲ್ಲಿ ತಪ್ಪಿನ ಬಗ್ಗೆ ಮಾತಾಡೋ ರೀತಿ ಹಾಗೇ ಅಲ್ಲಿಗೂ ಹೋಗಿರೋದು. ನಾವು "ತಪ್ಪಾಯ್ತು" ಅಂತೀವಿ, "ಮಿಸ್ ಆಗ್ಬಿಡ್ತು", "ಲೇಟಾಯ್ತು", "ಕೈತಪ್ಪಿ ಹೋಯ್ತು". ಲೋಟ ಒಡೆದ ಮಗು ಕೂಡ "ಬಿದ್ದೋಯ್ತು" ಅನ್ನುತ್ತೆ, ಬೀಳಿಸಿದೆ ಅನ್ನಲ್ಲ. ನಮ್ಮಲ್ಲಿ ಅದು ವಿನಯ, ಎದುರಿಗಿರೋವ್ರಿಗೂ ಅರ್ಥ ಆಗುತ್ತೆ. "ತಪ್ಪಾಯ್ತು ಕ್ಷಮಿಸಿ" ಅಂದಾಗ ನನ್ನಿಂದಲೇ ಆಯ್ತು ಅನ್ನೋದು ಒಳಗೇ ಇರುತ್ತೆ. ಅದನ್ನೇ ಇಂಗ್ಲಿಷ್‌ಗೆ ಹಾಕಿದ್ರೆ ಮಾಡಿದವರೇ ಮಾಯ ಆಗ್ತಾರೆ. ಮೇಲೆ ಹೊರವರ್ತುಲ ಅವ್ರಿಗೆ ಆಗಿದ್ದೂ ಇದೇ.

ಇನ್ನೊಂದು ಇಂಗ್ಲಿಷ್‌ನ "ವಿ", ಅಂದ್ರೆ ನಾವು. ಒಳ್ಳೇ ಕೆಲಸ ಆದ್ರೂ ಮಾಡಿದ್ವಿ, ಕೆಟ್ಟದ್ದಾದ್ರೂ ಮಾಡಿದ್ವಿ. ನಾನು ನಾನು ಅಂದ್ರೆ ಜಂಬ ಅಂತ ಕಲ್ಸಿದ್ದಾರೆ ನಮಗೆ. ಇಂಟರ್‌ವ್ಯೂನಲ್ಲಿ ಎದುರಿಗಿರೋವ್ರಿಗೆ ನಿಮ್ಮ ಪಾಲು ಯಾವುದು ಅಂತ ಗೊತ್ತೇ ಆಗಲ್ಲ.

ನಾನು ಮಾಡ್ಕೊಂಡಿದ್ದು ಹೇಳ್ತೀನಿ. ಮೊದ್ಲು ಇಡೀ ಕಥೆನ ಕನ್ನಡದಲ್ಲೇ ಯಾರಾದ್ರೂ ಗೆಳೆಯರಿಗೆ ಹೇಳಿ, ಫೋನ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಕೇಳ್ತಾ ಆಯ್ತು ಅಂತ ಬಂದ ಕಡೆಯೆಲ್ಲ ಮಾಡ್ದೆ ಅಂತ ತಿದ್ದಿ. ಓಡಿಸ್ಲಿಲ್ಲ, ಹೇಳ್ದೆ, ಕೇಳ್ಕೊಂಡೆ, ಬದಲಾಯಿಸ್ದೆ. ಆಮೇಲೆ ಇಂಗ್ಲಿಷ್‌ಗೆ ಹೋಗಿ, ಚಿಕ್ಕಚಿಕ್ಕ ವಾಕ್ಯದಲ್ಲಿ. ವ್ಯಾಕರಣ ಒಂದೆರಡು ಕಡೆ ಜಾರಿದ್ರೆ ಯಾರೂ ತಲೆ ಕೆಡಿಸ್ಕೊಳಲ್ಲ.

ಮಲೆನಾಡ ಮಳೆ
"ಬಿದ್ದೋಯ್ತು" ಅನ್ನೋದು ನಮ್ಮ ಮನೇಲಿ ಇವತ್ತು ಬೆಳಿಗ್ಗೆ ಕೇಳಿದ್ದೀನಿ. ಎಂಥ ಸರಿಯಾದ ಉದಾಹರಣೆ.

ಸಪ್ತಾಪುರ
ಎಲ್ಲಾರೂ ಐಟಿ ಫ್ಯಾಕ್ಟರಿ ಮಾತಾಡಾಕತ್ತೀರಿ, ನಮ್ಮಂಥವ್ರ ಕಥಿ ಬ್ಯಾರೆ ಐತ್ರಿ. ನಾ ಧಾರವಾಡದಾಗ ರೂಮ್ ಮಾಡ್ಕೊಂಡು ಐದ್ ವರ್ಷ ಓದೀನಿ, ಕೆಎಎಸ್‌ಗೆ. ಎಫ್‌ಡಿಎ ಎಸ್‌ಡಿಎ ಎಲ್ಲಾ ಬರದೀನಿ, ಒಂದ್ಸಲ ಸ್ವಲ್ಪದಾಗ ಹೋತು. ಈಗ ವಯಸ್ಸು ಮೂವತ್ತೊಂದು. ಅವ್ವ ಅಪ್ಪ ಏನೂ ಅನ್ನಂಗಿಲ್ಲ, ಅನ್ನಲಾರ್ದ ಇರೋದ ಹೆಚ್ಚು ಭಾರ ಆಗತೈತಿ. ಹುಬ್ಬಳ್ಳ್ಯಾಗ ಒಂದು ಫೈನಾನ್ಸ್ ಕಂಪನ್ಯಾಗ ಇಂಟರ್‌ವ್ಯೂಗೆ ಹೋಗಿದ್ದೆ. "ಐದ್ ವರ್ಷ ಏನ್ ಮಾಡಿದ್ರಿ" ಅಂದ್ರು. ಓದಿದೆ ಅಂದೆ. "ಆಗ್ಲಿಲ್ಲ ಅಲ್ಲಾ?" ಅಂದ್ರು. ಹೂಂ ಅಂದೆ. ಅಷ್ಟ ಆತು ಇಂಟರ್‌ವ್ಯೂ.

ಇಷ್ಟ ವರ್ಷ ಓದಿದ್ರೂ ಒಂದು ಇಂಟರ್‌ವ್ಯೂ ಕೊಟ್ಟು ರೂಢಿ ಇಲ್ರಿ ನಮಗ. ಎಫ್‌ಡಿಎಗೆ ಇಂಟರ್‌ವ್ಯೂನ ಇಲ್ಲ, ಸೆಂಟ್ರಲ್‌ದಾಗ ಗ್ರೂಪ್ ಸಿ ಹುದ್ದೆಗೆ 2016ರ ಜನವರಿಯಿಂದನ ತಗದಾರ. ಅದು ಛಲೋನ ಆತು, ವಶೀಲಿ ಕಡಿಮಿ ಆತು. ಆದ್ರ ಮಾತಾಡೋದು ಕಲಿಲಿಲ್ಲ ನಾವು.

ವಿಜಯನಗರ ಬಸ್‌ಸ್ಟ್ಯಾಂಡ್
ಅಣ್ಣಾ ನಾನೂ ಇದೇ ದೋಣಿ, ಬೆಂಗಳೂರು ವಿಜಯನಗರದಲ್ಲಿ ನಾಲ್ಕು ವರ್ಷ. ಪರೀಕ್ಷೆ ಪಾಸಾಗದೇ ಇದ್ದದ್ದನ್ನ ಫೇಲ್ಯೂರ್ ಅಂತ ಕರೆಯೋದೇ ತಪ್ಪು. ಯುಪಿಎಸ್‌ಸಿಗೆ ಲಕ್ಷಗಟ್ಟಲೆ ಜನ ಬರೀತಾರೆ, ಸಾವಿರದ ಆಸುಪಾಸು ಹುದ್ದೆ. ಅದ್ರಲ್ಲಿ ಮೇನ್ಸ್ 1750, ಇಂಟರ್‌ವ್ಯೂ 275, ಒಂದೆರಡು ಮಾರ್ಕ್ಸ್‌ಗೆ ಜೀವನ ಆ ಕಡೆ ಈ ಕಡೆ ಆಗುತ್ತೆ. ಬ್ಯಾಂಕ್ ಪಿಒದಲ್ಲಂತೂ ಇಂಟರ್‌ವ್ಯೂಗೇ ಅರ್ಧ ವೇಟೇಜ್.

ಕೌಂಟರ್ ಮೂರು
ಅರ್ಧ ಇಲ್ಲ. ಐಬಿಪಿಎಸ್ ಪಿಒಗೆ ಇಂಟರ್‌ವ್ಯೂ 100 ಮಾರ್ಕ್ಸ್, ಆದ್ರೆ ಕೊನೇ ಲೆಕ್ಕದಲ್ಲಿ ಮೇನ್ಸ್‌ಗೆ 80, ಇಂಟರ್‌ವ್ಯೂಗೆ 20. ನಾನು ಅದನ್ನೇ ದಾಟಿ ಬಂದವನು. ನನಗೂ ಕೇಳಿದ್ರು, "ಇಂಜಿನಿಯರಿಂಗ್ ಆಗಿ ಮೂರು ವರ್ಷ ಆಯ್ತು, ಯಾಕೆ ತಡ" ಅಂತ. ಎರಡು ಸಲ ಮೇನ್ಸ್‌ನಲ್ಲಿ ಹೋದೆ, ಎರಡು ಸಲಾನೂ ಡೇಟಾ ಅನಾಲಿಸಿಸ್‌ನಲ್ಲಿ, ಮೊದಲ ಸಲ ಯಾಕೆ ಅಂತ ನೋಡ್ದೇ ಮತ್ತೆ ಅದೇ ಥರ ಓದಿದ್ದು ನನ್ನ ತಪ್ಪು, ಮೂರನೇ ಸಲ ಮಾಕ್ ಟೆಸ್ಟ್ ಆದ್ಮೇಲೆ ತಪ್ಪಾದ ಲೆಕ್ಕಗಳನ್ನೇ ಬೇರೆ ಪುಸ್ತಕದಲ್ಲಿ ಬರೆದಿಟ್ಟು ಮಾಡ್ದೆ ಅಂದೆ. ತಲೆ ಆಡ್ಸಿ ಮುಂದೆ ಹೋದ್ರು.

ಅರಳಿಕಟ್ಟೆ
ವಿಜಯನಗರ ಅವ್ರ ಮಾತು ಅರ್ಧ ಒಪ್ತೀನಿ. ರ‍್ಯಾಂಕ್ ಬರದೇ ಇದ್ದದ್ದು ನಿಮ್ಮ ತಪ್ಪಲ್ಲ, ಸೀಟೇ ಇಲ್ಲ. ಆದ್ರೆ ಇಂಟರ್‌ವ್ಯೂನಲ್ಲಿ "ಹುದ್ದೆ ಕಮ್ಮಿ ಇದ್ವು" ಅಂದ್ರೆ ಮಾತು ಅಲ್ಲೇ ನಿಲ್ಲುತ್ತೆ. ಕೌಂಟರ್ ಮೂರು ಹೇಳಿದ ಹಾಗೆ ಆ ಐದು ವರ್ಷದ ಒಳಗಿಂದ ನಿಮ್ಮ ಕೈಲಿದ್ದ ಒಂದನ್ನ ಎತ್ಕೊಂಡು ಹೇಳ್ಬೇಕು. ಸಪ್ತಾಪುರ ಅವ್ರೇ, ಐದು ವರ್ಷ ಒಬ್ರೇ ಒಂದು ಸಿಲಬಸ್ ಹಿಡ್ಕೊಂಡು ಕೂತಿದ್ದು ಸಣ್ಣ ಕೆಲಸ ಅಲ್ಲ. ಅದನ್ನ ಬಿಡ್ಬೇಕು ಅಂತ ತೀರ್ಮಾನ ಮಾಡಿದ ದಿನ ಒಂದಿರುತ್ತಲ್ಲ, ಅದ್ರ ಬಗ್ಗೆ ಬರೀರಿ.

ಕಡಲ ತಡಿ
ನಾನು ಮಂಗಳೂರಿನವಳು, ಈಗ ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ ಇಂಟರ್‌ವ್ಯೂನಲ್ಲಿ ಈ ಪ್ರಶ್ನೆ ಬರ್ಲಿಕ್ಕೇ ಬೇಕು ಮಾರಾಯ್ರೆ, ಮತ್ತೆ "ನಾನು ತಪ್ಪೇ ಮಾಡ್ಲಿಲ್ಲ" ಅಂದ್ರೆ ಅಲ್ಲಿಗೆ ಮುಗೀತು. ಇಲ್ಲಿ ಡ್ಯೂಟಿ ಆಫ್ ಕ್ಯಾಂಡರ್ ಅಂತ ಉಂಟು. ಚಿಕಿತ್ಸೆಲಿ ಏನಾದ್ರೂ ಎಡವಟ್ಟಾಗಿ ಪೇಷಂಟಿಗೆ ತೊಂದ್ರೆ ಆದ್ರೆ ಅವ್ರಿಗೆ ಮುಚ್ಚುಮರೆ ಇಲ್ಲದೆ ಹೇಳಿ ಕ್ಷಮೆ ಕೇಳ್ಬೇಕು ಅಂತ. 2014ರಿಂದ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಆಸ್ಪತ್ರೆಗಳಿಗೆ ಅದು ಕಾನೂನೇ. ಇಲ್ಲಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳು ಕೇಳುವವರಿಲ್ಲದೆ ಕಷ್ಟಪಟ್ಟದ್ದು ಹೊರಗೆ ಬಂದು, ತನಿಖೆ ಆಗಿ, ಅದರ ವರದಿ 2013ರಲ್ಲಿ ಬಂದ ಮೇಲೆ ಮಾಡಿದ್ದು.

ನಾನು ಊರಲ್ಲಿ ಕೆಲಸ ಮಾಡುವಾಗ ಒಂದು ಸಲ ಶಿಫ್ಟ್ ಬದಲಾಗುವ ಹೊತ್ತಲ್ಲಿ ಒಬ್ಬ ಪೇಷಂಟಿಗೆ ಪ್ಯಾರಾಸಿಟಮಾಲ್ ಎರಡನೇ ಡೋಸ್ ಬೇಗ ಕೊಟ್ಟಿದ್ದೆ, ನಾಲ್ಕು ಗಂಟೆ ಆಗ್ಲಿಲ್ಲ. ಮುಂಚಿನ ಸಿಸ್ಟರ್ ಕೊಟ್ಟದ್ದನ್ನು ಬೇರೆ ಶೀಟಿನಲ್ಲಿ ಬರೆದಿದ್ರು, ನಾನು ಕೇಳ್ಲಿಲ್ಲ. ಗೊತ್ತಾದ ಕೂಡ್ಲೇ ಡಾಕ್ಟರಿಗೆ ಹೇಳಿದೆ, ಪೇಷಂಟಿಗೆ ಏನೂ ಆಗ್ಲಿಲ್ಲ, ಮುಂದಿನ ಡೋಸ್ ಬಿಟ್ಟು ನೋಡ್ಕೊಂಡ್ರು. ಆದ್ರೆ ಪೇಷಂಟಿನ ಮನೆಯವ್ರಿಗೆ ಹೇಳ್ಬೇಡ ಅಂದ್ರು ನನಗೆ. ಅದು ನನ್ನ ಮನಸ್ಸಲ್ಲಿ ಇವತ್ತಿಗೂ ಉಂಟು. ಇಲ್ಲಿ ಇಂಟರ್‌ವ್ಯೂನಲ್ಲಿ ಅದನ್ನೇ ಹೇಳಿದೆ, ಪೇಷಂಟಿಗೆ ಹೇಳ್ಲಿಲ್ಲ, ಹೇಳ್ಬೇಕಿತ್ತು ಅಂತಲೂ ಹೇಳಿದೆ. ಈಗ ಕೈಬದಲಿ ಮಾಡುವಾಗ ಪೇಷಂಟಿನ ಮಂಚದ ಹತ್ತಿರವೇ ನಿಂತು, ಎರಡೂ ಜನ ಚಾರ್ಟ್ ನೋಡಿ, ಪೇಷಂಟಿನ ಹತ್ತಿರವೇ "ಕಡೆ ಮಾತ್ರೆ ಎಷ್ಟೊತ್ತಿಗೆ ತಗೊಂಡದ್ದು" ಅಂತ ಕೇಳ್ತೇನೆ ಅಂದೆ. ಪ್ಯಾನೆಲಿನಲ್ಲಿದ್ದ ಹಿರಿಯ ಸಿಸ್ಟರ್ ಅದನ್ನು ಬರ್ಕೊಂಡ್ರು.

ಮಲೆನಾಡ ಮಳೆ
ಕಡಲ ತಡಿ ಅವ್ರೇ, ಇದನ್ನ ಬರೆದಿದ್ದಕ್ಕೆ ಥ್ಯಾಂಕ್ಸ್. ನಮ್ಮ ತಂಗಿ ನರ್ಸಿಂಗ್ ಕೊನೇ ವರ್ಷ, ಅವಳಿಗೆ ಕಳಿಸ್ತೀನಿ.

ಹೊರವರ್ತುಲ
ಹೇಳ್ಬೇಡ ಅಂದ ಜಾಗದಲ್ಲಿ ಕೆಲಸ ಮಾಡಿದವ್ರೇ ನಾವೆಲ್ಲ. ಹಾಗಾಗಿ ಇಂಟರ್‌ವ್ಯೂನಲ್ಲಿ ಒಮ್ಮೆಗೇ ಹೇಳು ಅಂದ್ರೆ ಬರಲ್ಲ. ಇದು ನಮ್ಮ ಹಟ ಅಲ್ಲ.

ಲಾಗ್‌ಫೈಲ್
ಇದನ್ನ ಒಪ್ತೀನಿ. ಆದ್ರೂ ನಮ್ಮಲ್ಲೇ ಇದಕ್ಕೆ ಒಳ್ಳೇ ಮಾದರಿ ಇದೆ. ಪೀಣ್ಯದವ್ರು ಇದ್ದಾರಲ್ಲ ಇಲ್ಲಿ, ಅವ್ರ ಪಕ್ಕದಲ್ಲೇ ಇಸ್ಟ್ರಾಕ್, ಇಸ್ರೋದ ನೌಕೆಗಳ ಮೇಲೆ ಕಣ್ಣಿಡೋ ಕೇಂದ್ರ. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ 2ರ ವಿಕ್ರಮ್ ಲ್ಯಾಂಡರ್ ಕೈತಪ್ಪಿದ್ದನ್ನ ನಾವೆಲ್ಲ ನಿದ್ದೆಗೆಟ್ಟು ನೋಡಿದ್ದು. 2023ರ ಜುಲೈನಲ್ಲಿ ಇಸ್ರೋ ಅಧ್ಯಕ್ಷರಾಗಿದ್ದ ಸೋಮನಾಥ್ ಅವರು ಯಾಕೆ ಬಿತ್ತು ಅಂತ ಬಿಡಿಸಿ ಹೇಳಿದ್ರು. ಐದು ಎಂಜಿನ್ ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಒತ್ತು ಕೊಟ್ವು, ತಪ್ಪು ಕೂಡ್ಕೊಂಡು ಹೋಯ್ತು, ಲ್ಯಾಂಡರ್ ಬೇಗ ತಿರುಗಬೇಕಿತ್ತು, ಅಷ್ಟು ವೇಗವಾಗಿ ತಿರುಗೋಕೆ ಮಿತಿ ಇತ್ತು, ಇಳಿಯೋಕೆ ಕೊಟ್ಟಿದ್ದ ಜಾಗ ಬರೀ 500 ಮೀಟರ್‌ಗೆ 500 ಮೀಟರ್. ಚಂದ್ರಯಾನ 3ಕ್ಕೆ ಜಾಗನ 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್ ಮಾಡಿದ್ರು, ನಡುವಿನ ಐದನೇ ಎಂಜಿನ್ ತೆಗೆದ್ರು, ಕಾಲು ಗಟ್ಟಿ ಮಾಡಿದ್ರು, ಇಂಧನ ಜಾಸ್ತಿ ತುಂಬಿದ್ರು, ವೇಗ ಅಳೆಯೋಕೆ ಲೇಸರ್ ಉಪಕರಣ ಸೇರ್ಸಿದ್ರು. ಆಗಸ್ಟ್ 23ಕ್ಕೆ ಇಳೀತು.

ಗಮನಿಸಿ, ಏನು ಕೆಟ್ಟಿತು ಅನ್ನೋದಕ್ಕೂ ಏನು ಬದಲಾಯಿಸಿದ್ರು ಅನ್ನೋದಕ್ಕೂ ಒಂದಕ್ಕೊಂದು ಗಂಟು ಇದೆ.

ಪೀಣ್ಯ ಎರಡನೇ ಹಂತ
ಅಕ್ಷರಕ್ಕೆ ಅಕ್ಷರ 8ಡಿ ಅದು. ಆ ರಾತ್ರಿ ನಮ್ಮ ಶಿಫ್ಟ್‌ನವ್ರೆಲ್ಲ ಕ್ಯಾಂಟೀನ್ ಟಿವಿ ಮುಂದೆ ಇದ್ವಿ. ಮಾತೇ ಇರ್ಲಿಲ್ಲ ಯಾರದ್ದೂ.

ಮಲೆನಾಡ ಮಳೆ
ಆದ್ರೆ ಇಂಟರ್‌ವ್ಯೂನಲ್ಲಿ ಇಸ್ರೋ ಕಥೆ ಹೇಳೋಕೆ ಹೋಗ್ಬೇಡಿ ಯಾರೂ. ನಮ್ಮದನ್ನ ಕೇಳ್ತಿರೋದು ಅವ್ರು.

ಬೆಣ್ಣೆದೋಸೆ
ನಿನ್ನೆ ರಾತ್ರಿ ಪದಬಂಧ ಅವ್ರು ಹೇಳಿದ ಹಾಗೆ ಕನ್ನಡದಲ್ಲಿ ರೆಕಾರ್ಡ್ ಮಾಡ್ದೆ. ಆರು ನಿಮಿಷ ಬಂತು! ಕಡಿದು ಕಡಿದು ಇಷ್ಟಕ್ಕೆ ತಂದಿದ್ದೀನಿ, ನೋಡಿ ಹೇಳಿ:

"ಬಿಲ್ಲಿಂಗ್ ಸಾಫ್ಟ್‌ವೇರ್ ಒಂದ್ರಲ್ಲಿ ನಾನು ಟೆಸ್ಟರ್. ರಿಲೀಸ್ ಹಿಂದಿನ ರಾತ್ರಿ ಬಿಲ್ಡ್ ತಡವಾಗಿ ಬಂತು. ಒಂದು ಟ್ಯಾಕ್ಸ್ ಕೇಸ್ ಮೂರು ಸಲ ಪಾಸ್ ಆಗಿತ್ತು ಅಂತ ನಾನು ಓಡಿಸ್ದೇ ಪಾಸ್ ಹಾಕ್ದೆ. ಲೈವ್‌ನಲ್ಲಿ ಸುಮಾರು ಇನ್‌ವಾಯ್ಸ್‌ಗೆ ಟ್ಯಾಕ್ಸ್ ಎರಡು ಸಲ ಬಿತ್ತು. ಗೊತ್ತಾದ ಮೇಲೂ ಒಂದು ಗಂಟೆ ಸುಮ್ನಿದ್ದೆ, ಭಯಕ್ಕೆ. ಆಮೇಲೆ ಲೀಡ್‌ಗೆ ಹೇಳ್ದೆ. ಅರ್ಧ ಗಂಟೆಲಿ ಬಗ್ ಸಿಕ್ತು, ಎರಡು ದಿನ ಕೂತು ಬಿಲ್ ಸರಿ ಮಾಡಿದ್ವಿ. ಸ್ಕ್ರೀನ್‌ಶಾಟ್ ಇಲ್ದೇ ಪಾಸ್ ಆಗದ ಹಾಗೆ ಮಾಡೋಣ ಅಂತ ನಾನು ಕೇಳಿ ಮಾಡಿಸ್ದೆ. ಓಡಿಸೋಕಾಗದ ಕೇಸ್‌ಗೆ 'ಓಡಿಸಿಲ್ಲ' ಅನ್ನೋ ಕಾಲಂ ಕೂಡ ಸೇರ್ಸಿದೆ, ಅದನ್ನ ನೋಡಿ ರಿಲೀಸ್ ಬೇಕಾ ಬೇಡ್ವಾ ಅಂತ ಲೀಡ್ ತೀರ್ಮಾನ ಮಾಡ್ತಾರೆ."

ಅರಳಿಕಟ್ಟೆ
ಆ "ಓಡಿಸಿಲ್ಲ" ಕಾಲಂ ತುಂಬಾ ಚೆನ್ನಾಗಿದೆ. ಸುಳ್ಳು ಹೇಳೋ ಅಗತ್ಯಾನೇ ತೆಗೆದುಹಾಕಿದ್ದೀರಿ. ಒಂದೇ ಒಂದು, "ಸುಮಾರು ಇನ್‌ವಾಯ್ಸ್" ಅಂದ್ರೆ ಎಷ್ಟು? ಅದನ್ನ ಕೇಳೇ ಕೇಳ್ತಾರೆ. ನಿಮ್ಮ ತಪ್ಪಿನ ಅಳತೆ ನಿಮಗೆ ಗೊತ್ತಿರ್ಬೇಕು. ಕ್ಲೈಂಟ್ ಹೆಸರು ಮಾತ್ರ ಎಲ್ಲೂ ಬೇಡ.

ಬೆಣ್ಣೆದೋಸೆ
ಹಳೇ ಡೆವಲಪರ್‌ಗೆ ಫೋನ್ ಮಾಡಿ ಕೇಳ್ದೆ, ಅವನಿಗೆ ಇನ್ನೂ ನೆನಪಿದೆ. 212. ಎರಡು ವರ್ಷ ಆದ್ಮೇಲೆ ಮಾತಾಡಿದ್ದು ಅವನ ಹತ್ರ, ಅವತ್ತು ಒಂದು ಗಂಟೆ ಸುಮ್ನಿದ್ದಿದ್ದಕ್ಕೆ ಸಾರಿ ಕೇಳ್ದೆ. ಅವನಿಗೆ ಆ ಒಂದು ಗಂಟೆ ವಿಷ್ಯ ಗೊತ್ತೇ ಇರ್ಲಿಲ್ವಂತೆ.

ಹೊರವರ್ತುಲ
ನಾನೂ ನಂದು ತಿದ್ದಿ ಬರೀತೀನಿ ಹಾಗಾದ್ರೆ. "ಯಾವ ವಿಂಡೋ ಅಂತ ನೋಡ್ದೇ ನಾನು ಕಮಾಂಡ್ ಕೊಟ್ಟೆ." ಬರೆಯೋಕೇ ಕಷ್ಟ ಆಗ್ತಿದೆ ಇದನ್ನ.

ಪದಬಂಧ
ಇದೇ ವಾಕ್ಯದಿಂದ ಶುರು ಮಾಡಿ. ಮಿಕ್ಕಿದ್ದು ಬರುತ್ತೆ.

ಬೆಣ್ಣೆದೋಸೆ
ಗುರುವಾರದ್ದು ಮುಗೀತು. ಕೇಳಿದ್ರು, ಹೇಳ್ದೆ. ಮಧ್ಯದಲ್ಲಿ ಒಂದ್ಸಲ ಇಂಗ್ಲಿಷ್ ತಡವರಿಸ್ತು, ನಿಲ್ಲಿಸಿ ಮತ್ತೆ ಶುರು ಮಾಡ್ದೆ. 212 ಅಂದಾಗ ಅವ್ರು ತಲೆ ಎತ್ತಿ ನೋಡಿದ್ರು. ಆಮೇಲೆ "ಆ ಕಾಲಂ ಈಗ್ಲೂ ಇದೆಯಾ" ಅಂತ ಒಂದೇ ಪ್ರಶ್ನೆ. ನಾನು ಬಿಡೋ ತನಕ ಇತ್ತು ಅಂದೆ. ರಿಸಲ್ಟ್ ಇನ್ನೂ ಬಂದಿಲ್ಲ.

ಸಪ್ತಾಪುರ
ಛಲೋ ಆತ್ರಿ. ನಾನೂ ಬರದೀನಿ, ಸ್ವಲ್ಪ ನೋಡಿ ಹೇಳ್ರಿ: "ಐದು ವರ್ಷ ಪರೀಕ್ಷೆಗೆ ಓದಿ ಟೈಮ್ ವೇಸ್ಟ್ ಮಾಡ್ದೆ. ಮೂರನೇ ವರ್ಷಕ್ಕ ಪ್ರಬಂಧದಾಗ ಅಂಕ ಬರವಲ್ವು ಅಂತ ಗೊತ್ತಿತ್ತು, ಯಾರಿಗೂ ತೋರ್ಸಲಿಲ್ಲ, ನಾಚಿಕಿ ಆಗ್ತಿತ್ತು. ನಾಲ್ಕನೇ ವರ್ಷ ರೂಮ್‌ಮೇಟ್‌ಗೆ ತೋರ್ಸಿದೆ, ಅವ ಕೆಂಪ್ ಪೆನ್ನಿಲೆ ತಿದ್ದಿದ, ಮುಂದ ನಾವ್ ಎಂಟ್ ಮಂದಿ ಸೇರಿ ವಾರಕ್ಕೊಮ್ಮಿ ಒಬ್ಬರದ ಒಬ್ರು ತಿದ್ದೂದು ಶುರು ಮಾಡಿದ್ವಿ. ಅದ್ರಾಗ ಮೂರ್ ಮಂದಿಗೆ ನೌಕರಿ ಆತು, ನನಗ ಆಗ್ಲಿಲ್ಲ."

ಕೌಂಟರ್ ಮೂರು
ಮೊದಲ ವಾಕ್ಯದಲ್ಲಿ "ಟೈಮ್ ವೇಸ್ಟ್" ತೆಗೆದುಹಾಕಿ ಅಣ್ಣ. ಆ ಎಂಟು ಜನರನ್ನ ಸೇರ್ಸಿದ್ದು ಯಾರು, ನೀವಾ?

ಸಪ್ತಾಪುರ
ಹೌದ್ರಿ, ನಾನ.

ಕೌಂಟರ್ ಮೂರು
ಹಂಗಾದ್ರೆ "ಶುರು ಮಾಡಿದ್ವಿ" ಬೇಡ, "ಶುರು ಮಾಡ್ದೆ" ಅಂತ ಬರೀರಿ.